ಶೆಲ್ಟರ್‌ಗೆ ಬಂದ ಬೆಕ್ಕಿನ ಹೆದರಿಕೆ ಕಳೆಯುವುದು ಹೇಗೆ?

ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಒಂದು ಗಲ್ಲಿಯಿಂದ ನಮ್ಮ ಶೆಲ್ಟರ್‌ಗೆ ಮೂರು ಬಣ್ಣದ ಬೆಕ್ಕೊಂದು ಬಂತು. ಯಾರದೋ ಮನೆಯಲ್ಲಿ ಬೆಳೆದದ್ದು. ಬಾಡಿಗೆಯವರು ಮನೆ ಖಾಲಿ ಮಾಡುವಾಗ ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು. ನಾವು ಅದನ್ನು ಒಂದು ಕಬ್ಬಿಣದ ಪಂಜರದಲ್ಲಿ ಇಟ್ಟೆವು. ತಟ್ಟೆಯಲ್ಲಿ ಊಟ, ಬಟ್ಟಲಲ್ಲಿ ನೀರು, ಮಲಮೂತ್ರಕ್ಕೆ ಟ್ರೇಯಲ್ಲಿ ಉಸುಕು (ಮರಳು). ಬೆಕ್ಕು ಸೀದಾ ಹೋಗಿ ಉಸುಕಿನ ಟ್ರೇಯಲ್ಲಿ ಕೂತಿತು. ಮುಖ ಗೋಡೆಯ ಕಡೆ. ಎರಡು ದಿನ ಹಾಗೇ ಇತ್ತು.

"ಇದು ಭಾಳ ಶಾಣ್ಯಾ ಬೆಕ್ಕ ಐತ್ರಿ ಅಕ್ಕಾರ, ಒಂದೀಟೂ ಗದ್ದಲ ಮಾಡಂಗಿಲ್ಲ" ಎಂದರು ಕಸ ಗುಡಿಸಲು ಬರುವ ಆಯಿ. ನನಗೂ ಹಾಗೇ ಅನಿಸಿತ್ತು.

ಬೆಳಗ್ಗೆ ಒಬ್ಬರು ಊಟ ಹಾಕುತ್ತಿದ್ದರು, ಸಂಜೆ ಇನ್ನೊಬ್ಬರು ಹಳೆಯದನ್ನು ಚೆಲ್ಲಿ ಹೊಸದು ಹಾಕುತ್ತಿದ್ದರು. ಬೆಕ್ಕು ಒಂದು ತುತ್ತೂ ತಿಂದಿಲ್ಲ ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೇ ದಿನ ಸೀನು ಶುರುವಾಯಿತು, ಕಣ್ಣಲ್ಲಿ ನೀರು. ಡಾಕ್ಟರ್ ಬಂದರು. ಬೆಕ್ಕನ್ನು ಮುಟ್ಟುವ ಮೊದಲೇ ಪಂಜರ ನೋಡಿ ಕೇಳಿದರು, "ಇದಕ್ಕ ಅಡಗಿ ಕೂಡಾಕ ಜಾಗಾ ಎಲ್ಲೈತ್ರೀ?"

ಆ ಪ್ರಶ್ನೆ ಕೇಳಿದ ಮೇಲೆ ನಾವು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಶೆಲ್ಟರ್ ನಡೆಸುವವರಿಗಷ್ಟೇ ಅಲ್ಲ. ಗದಗ, ಹಾವೇರಿ ಕಡೆ ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕೈದು ಬೆಕ್ಕು ಇಟ್ಟುಕೊಂಡು ನೋಡಿಕೊಳ್ಳುವವರು ಬಹಳ ಜನ ಇದ್ದಾರೆ. ಅವರಿಗೂ ಇದು ಉಪಯೋಗಕ್ಕೆ ಬರುತ್ತದೆ.

1. ಮೊದಲು ಬೆಕ್ಕನ್ನು ಓದಲು ಕಲಿಯಿರಿ

ನಾಯಿ ಹೆದರಿದರೆ ಬೊಗಳುತ್ತದೆ, ನಡುಗುತ್ತದೆ, ನಮಗೆ ತಿಳಿಯುತ್ತದೆ. ಬೆಕ್ಕು ಹೆದರಿದರೆ ಹೆಚ್ಚಾಗಿ ಸುಮ್ನೆ ಕೂರುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ. ನಾವು ಅದನ್ನು ಒಳ್ಳೆಯ ಬೆಕ್ಕು ಅಂದುಕೊಂಡು ಗದ್ದಲ ಮಾಡುವ ಬೆಕ್ಕಿನ ಕಡೆ ಹೋಗುತ್ತೇವೆ.

ಆರಾಮಾಗಿರುವ ಬೆಕ್ಕು ಪಕ್ಕಕ್ಕೆ ಹೊರಳಿ, ಕಾಲು ಚಾಚಿ ಮಲಗುತ್ತದೆ. ಮೈ ನೆಕ್ಕಿಕೊಳ್ಳುತ್ತದೆ. ಊಟ ಮಾಡುತ್ತದೆ, ಮಲ ಮಾಡಿ ಮುಚ್ಚುತ್ತದೆ. ಹೆದರಿದ ಬೆಕ್ಕಿನ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಸೇರಿರುತ್ತವೆ. ಬಾಲ ಮೈಗೆ ಅಂಟಿಕೊಂಡಿರುತ್ತದೆ. ತಲೆ ಭುಜಕ್ಕಿಂತ ಕೆಳಗೆ, ಕಿವಿ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ. ಬೆಳಕಿದ್ದರೂ ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ. ಕೆಲವು ಬೆಕ್ಕುಗಳು ಕಣ್ಣು ಮುಚ್ಚಿ ನಿದ್ದೆಯ ಹಾಗೆ ಕಾಣುತ್ತವೆ, ಆದರೆ ಮೈ ಬಿಗಿ ಇರುತ್ತದೆ. ಟ್ರೇಯಲ್ಲಿ ಮಲಗುವುದು, ಹಾಸಿದ ಬಟ್ಟೆಯ ಕೆಳಗೆ ನುಸುಳುವುದು, ರಾತ್ರಿ ಪಂಜರವನ್ನೆಲ್ಲ ಕೆದರಿ ನೀರು ಚೆಲ್ಲಿ ಬೆಳಗ್ಗೆ ಏನೂ ಆಗದವರ ಹಾಗೆ ಮೂಲೆಯಲ್ಲಿ ಕೂರುವುದು, ಇವೆಲ್ಲ ಅಡಗುವ ಜಾಗ ಹುಡುಕುತ್ತಿರುವ ಲಕ್ಷಣ.

1997ರಲ್ಲಿ ಕೆಸ್ಲರ್ ಮತ್ತು ಟರ್ನರ್ ಎಂಬ ಇಬ್ಬರು ಸಂಶೋಧಕರು ಇದಕ್ಕಾಗಿ ಏಳು ಹಂತದ ಒಂದು ಅಳತೆ ಪ್ರಕಟಿಸಿದರು. ಒಂದು ಅಂದರೆ ಪೂರ್ತಿ ಆರಾಮು, ಏಳು ಅಂದರೆ ಜೀವ ಹೋಗುವಷ್ಟು ಭಯ. ಇವತ್ತಿಗೂ ಶೆಲ್ಟರ್‌ಗಳಲ್ಲಿ ಅದನ್ನು ಬಳಸುತ್ತಾರೆ. ನೀವು ಅಷ್ಟೆಲ್ಲ ಮಾಡಬೇಕಾಗಿಲ್ಲ. ಪ್ರತಿ ಪಂಜರಕ್ಕೆ ಒಂದು ಹಾಳೆ ಕಟ್ಟಿ. ದಿನಾ ಬೆಳಗ್ಗೆ, ಗದ್ದಲ ಶುರುವಾಗುವ ಮೊದಲು, ದೂರದಿಂದ ಅರ್ಧ ನಿಮಿಷ ನೋಡಿ ನಾಲ್ಕು ವಿಷಯ ಬರೆಯಿರಿ: ಎಷ್ಟು ತಿಂದಿದೆ, ಮಲಮೂತ್ರ ಆಗಿದೆಯಾ, ಹೇಗೆ ಕೂತಿದೆ, ಮೈ ನೆಕ್ಕಿಕೊಂಡಿದೆಯಾ. ವಾರಕ್ಕೊಮ್ಮೆ ತೂಕ. ನಮ್ಮ ಹತ್ತಿರ ಆ ಹಾಳೆ ಇದ್ದಿದ್ದರೆ ಆ ಮೂರು ಬಣ್ಣದ ಬೆಕ್ಕು ಉಪವಾಸ ಇರುವುದು ಮರುದಿನವೇ ಗೊತ್ತಾಗುತ್ತಿತ್ತು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಬಹಳಷ್ಟು ಬೆಕ್ಕುಗಳ ಮೈಯಲ್ಲಿ ಹರ್ಪಿಸ್ ಜಾತಿಯ ಒಂದು ವೈರಸ್ ಮೊದಲೇ ಅಡಗಿರುತ್ತದೆ. ಬೆಕ್ಕು ನೆಮ್ಮದಿಯಿಂದ ಇದ್ದಷ್ಟು ದಿನ ಅದು ಸುಮ್ಮನಿರುತ್ತದೆ. ಜಾಗ ಬದಲಾಗಿ ಹೆದರಿಕೆ ಹೆಚ್ಚಾದರೆ ಕೆಲವು ದಿನಗಳಲ್ಲಿ ಅದು ಎದ್ದು ನೆಗಡಿ, ಸೀನು, ಕಣ್ಣಿನ ಹುಣ್ಣು ಬರಿಸುತ್ತದೆ. ಪಕ್ಕದ ಬೆಕ್ಕಿಗೂ ಹರಡುತ್ತದೆ. 2012ರಲ್ಲಿ ಅಮೆರಿಕದಲ್ಲಿ 60 ಶೆಲ್ಟರ್ ಬೆಕ್ಕುಗಳನ್ನು ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಮೊದಲ ವಾರ ಜಾಸ್ತಿ ಹೆದರಿದ್ದ ಬೆಕ್ಕುಗಳಿಗೆ ನೆಗಡಿ ಬರುವ ಸಾಧ್ಯತೆ ಉಳಿದವಕ್ಕಿಂತ ಐದು ಪಟ್ಟಿಗೂ ಹೆಚ್ಚು ಇತ್ತು. ಹೆಚ್ಚಿನ ಬೆಕ್ಕುಗಳು ಒಂದಲ್ಲ ಒಂದು ವಾರ ತೂಕವನ್ನೂ ಕಳೆದುಕೊಂಡಿದ್ದವು. ಹೆದರಿಕೆಯ ಬಗ್ಗೆ ಯೋಚಿಸದೆ ಬರೀ ಔಷಧಿ ಹಾಕುತ್ತಾ ಹೋದರೆ ನೆಗಡಿ ಶೆಲ್ಟರ್ ಬಿಟ್ಟು ಹೋಗುವುದಿಲ್ಲ. ಇದನ್ನು ನಾವು ಒಂದು ಇಡೀ ಮಳೆಗಾಲ ಅನುಭವಿಸಿದ್ದೇವೆ.

2. ಅಡಗಲು ಒಂದು ಡಬ್ಬಿ

ಈ ಲೇಖನದಲ್ಲಿ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಇವತ್ತೇ ಮಾಡಿ. ಪ್ರತಿ ಪಂಜರದಲ್ಲೂ ಬೆಕ್ಕು ಪೂರ್ತಿ ಮರೆಯಾಗಿ ಕೂರುವಂಥ ಒಂದು ಡಬ್ಬಿ ಇಡಿ.

2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಶೆಲ್ಟರ್‌ನಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಹತ್ತಕ್ಕೆ ಡಬ್ಬಿ ಕೊಟ್ಟರು, ಒಂಬತ್ತಕ್ಕೆ ಕೊಡಲಿಲ್ಲ. ಮೂರನೇ, ನಾಲ್ಕನೇ ದಿನಕ್ಕೇ ವ್ಯತ್ಯಾಸ ಎದ್ದು ಕಂಡಿತು. ಡಬ್ಬಿ ಸಿಕ್ಕ ಬೆಕ್ಕುಗಳು ಬೇಗ ಹೊಂದಿಕೊಂಡವು. ಎರಡು ವಾರ ಕಳೆಯುವ ಹೊತ್ತಿಗೆ ಉಳಿದವೂ ಆ ಮಟ್ಟಕ್ಕೆ ಬಂದವು, ನಿಜ. ಆದರೆ ಕಾಯಿಲೆ ಎದ್ದೇಳುವುದೂ ಅದೇ ಎರಡು ವಾರದೊಳಗೆ, ಅಲ್ವಾ?

ಕೆಲವರು ಕೇಳುತ್ತಾರೆ: ಡಬ್ಬಿ ಕೊಟ್ಟರೆ ಬೆಕ್ಕು ಒಳಗೇ ಕೂತಿರುತ್ತದೆ, ದತ್ತು ತೆಗೆದುಕೊಳ್ಳಲು ಬಂದವರಿಗೆ ಕಾಣುವುದೇ ಇಲ್ಲವಲ್ಲ? ನಾವು ನೋಡಿದ್ದು ಅದರ ಉಲ್ಟಾ. ಬೇಕಾದಾಗ ಒಳಗೆ ಹೋಗಬಹುದು ಎಂದು ತಿಳಿದ ಬೆಕ್ಕು ಧೈರ್ಯವಾಗಿ ಹೊರಗೆ ಬರುತ್ತದೆ. ಡಬ್ಬಿ ಇಲ್ಲದ ಬೆಕ್ಕು ಎದುರಿಗೇ ಇದ್ದರೂ ಮುಖ ತೋರಿಸುವುದಿಲ್ಲ.

ಖರ್ಚು ಏನೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಧಾರವಾಡದ ಆಪೂಸ್ ಮಾವು ಪೇಟೆಗೆ ಬರುವಾಗ ರಟ್ಟಿನ ಡಬ್ಬಿಗಳು ರಾಶಿ ಬೀಳುತ್ತವೆ. ಹಣ್ಣಿನ ಅಂಗಡಿಯವರನ್ನು ಕೇಳಿದರೆ ಕೊಡುತ್ತಾರೆ. ಉಳಿದ ದಿನಗಳಲ್ಲಿ ಕಿರಾಣಿ ಅಂಗಡಿಯ ಬಿಸ್ಕಿಟ್ ಡಬ್ಬಿ ಆಗುತ್ತದೆ. ಬೆಕ್ಕು ಒಳಗೆ ತಿರುಗಿ ಕೂರುವಷ್ಟು ದೊಡ್ಡದಿರಲಿ. ಒಂದು ಬದಿಗೆ ಬಾಗಿಲಿನಷ್ಟು ಕತ್ತರಿಸಿ. ಮೇಲ್ಭಾಗ ಗಟ್ಟಿ ಇರಲಿ, ಏಕೆಂದರೆ ಎರಡು ಮೂರು ದಿನದಲ್ಲಿ ಬೆಕ್ಕು ಅದರ ಮೇಲೆ ಹತ್ತಿ ಕೂರುತ್ತದೆ. ಹತ್ತಿ ಕೂತಿತು ಅಂದರೆ ಅರ್ಧ ಗೆದ್ದಹಾಗೆ. ಬಾಗಿಲು ಪಂಜರದ ಎದುರಿಗೆ ಬೇಡ, ಪಕ್ಕಕ್ಕೆ ತಿರುಗಿಸಿ ಇಡಿ. ಪಿನ್ನು, ಟೇಪು ಎಲ್ಲ ಮೊದಲೇ ಕಿತ್ತು ಹಾಕಿ.

ಒಳಗೆ ಹಾಸಲು ನಮ್ಮ ಕಡೆಯ ಕೌದಿಯಷ್ಟು ಒಳ್ಳೆಯದು ಬೇರೆ ಇಲ್ಲ. ಹಳೆ ಸೀರೆ, ಧೋತರ ಸೇರಿಸಿ ಹೊಲಿದ ಕೌದಿ ಮೆತ್ತಗೆ ಇರುತ್ತದೆ. ಉಗುರಿಗೂ ಅಷ್ಟು ಬೇಗ ಹರಿಯುವುದಿಲ್ಲ. ಹರಿದ ದೊಡ್ಡ ಕೌದಿಯನ್ನು ಎರಡಡಿ ತುಂಡು ಮಾಡಿ, ಅಂಚು ಹೊಲಿದು ಇಟ್ಟುಕೊಳ್ಳಿ. ಪ್ರತಿ ಬೆಕ್ಕಿಗೆ ಎರಡು ತುಂಡು. ಬೇಸಿಗೆಯಲ್ಲಿ ನಾವು ಇನ್ನೊಂದು ಉಪಾಯ ಮಾಡುತ್ತೇವೆ. ಸೋರುವ ಹಳೆಯ ಹರವಿಯನ್ನು (ನೀರಿನ ಮಣ್ಣಿನ ಕೊಡವನ್ನು) ಅಡ್ಡ ಮಲಗಿಸಿ, ಅಲುಗಾಡದ ಹಾಗೆ ಎರಡು ಬದಿಗೆ ಇಟ್ಟಿಗೆ ಕೊಟ್ಟು, ಬಾಯಿಯ ಅಂಚನ್ನು ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು. ಮಣ್ಣು ತಂಪಾಗಿರುತ್ತದೆ. ಬಾಯಿ ಅಗಲ ಇರುವ ಹರವಿಯೇ ಬೇಕು.

ರಟ್ಟನ್ನು ತೊಳೆಯಲು ಆಗುವುದಿಲ್ಲ. ಆದ್ದರಿಂದ ಒಂದು ಬೆಕ್ಕಿನ ಡಬ್ಬಿ ಅದಕ್ಕೇ ಮೀಸಲು. ಕಾಯಿಲೆ ಬಿದ್ದ ಬೆಕ್ಕಿನ ಡಬ್ಬಿಯನ್ನು ಇನ್ನೊಂದಕ್ಕೆ ಕೊಡಬಾರದು, ಬಿಸಾಡಬೇಕು. ಹರವಿಗೂ ಇದೇ ನಿಯಮ.

ಆ ಮೂರು ಬಣ್ಣದ ಬೆಕ್ಕಿಗೆ ಡಾಕ್ಟರ್ ಔಷಧಿ ಕೊಟ್ಟ ದಿನವೇ ನಾವೊಂದು ಡಬ್ಬಿ ಇಟ್ಟೆವು. ಹತ್ತು ನಿಮಿಷದಲ್ಲಿ ಒಳಗೆ ಹೋಯಿತು. ಮರುದಿನ ಬೆಳಗ್ಗೆ ತಟ್ಟೆಯಲ್ಲಿ ಸ್ವಲ್ಪ ಕಡಿಮೆಯಾಗಿತ್ತು. ಅದರ ಮರುದಿನ ತಟ್ಟೆ ಖಾಲಿ. ತಟ್ಟೆ ತೊಳೆಯುತ್ತಾ ಆಯಿ ಅತ್ತುಬಿಟ್ಟರು.

3. ಪಂಜರ ಎಲ್ಲಿರಬೇಕು, ಎಷ್ಟಿರಬೇಕು

ನಮ್ಮ ಕಡೆಯ ಶೆಲ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದು ನಾಯಿಗಳೇ. ಬೆಕ್ಕಿನ ಪಂಜರಕ್ಕೆ ಉಳಿದ ಮೂಲೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾಯಿ ಕಾಣಬಾರದು, ಸಾಧ್ಯವಾದಷ್ಟು ಕೇಳಲೂ ಬಾರದು. ನಡುವೆ ಒಂದು ಗೋಡೆ, ಒಂದು ಮುಚ್ಚುವ ಬಾಗಿಲು ಇರಲೇಬೇಕು. ನಾಯಿಗಳನ್ನು ಮುಟ್ಟಿ ಬಂದವರು ಕೈ ತೊಳೆದು, ಬೇರೆ ಏಪ್ರನ್ ಹಾಕಿಕೊಂಡು ಬೆಕ್ಕಿನ ಕೋಣೆಗೆ ಬರಲಿ. ವಾಸನೆಯೂ ಬೆಕ್ಕಿಗೆ ಒಂದು ಸುದ್ದಿಯೇ.

ಪಂಜರಗಳನ್ನು ಎದುರುಬದುರು ಇಡಬೇಡಿ. ಬೆಕ್ಕಿಗೆ ಅಪರಿಚಿತ ಬೆಕ್ಕು ದಿಟ್ಟಿಸಿ ನೋಡುವುದೇ ಒಂದು ಬೆದರಿಕೆ. ಜಾಗ ಇಲ್ಲದಿದ್ದರೆ ನಡುವೆ ಗೋಣಿತಟ್ಟು ಇಳಿಬಿಡಿ. ನೆಲದ ಮೇಲೂ ಇಡಬೇಡಿ. ಮೇಜಿನ ಎತ್ತರ ಸರಿ. ಕೆಳಗಿದ್ದರೆ ಓಡಾಡುವ ನಮ್ಮ ಕಾಲುಗಳೇ ಅದಕ್ಕೆ ಕಾಣುವುದು.

ಅಳತೆಯ ವಿಷಯ. ಒಂದು ಬೆಕ್ಕಿನ ಪಂಜರದ ತಳ ಕನಿಷ್ಠ ಎಂಟು ಚದರ ಅಡಿ ಇರಬೇಕು ಎನ್ನುವುದು ಶೆಲ್ಟರ್ ವೈದ್ಯರು ಒಪ್ಪಿರುವ ಲೆಕ್ಕ. ಅಂದರೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಮಲಗುವ ಜಾಗ, ಊಟ, ಉಸುಕಿನ ಟ್ರೇ, ಈ ಮೂರರ ನಡುವೆ ಎರಡೆರಡು ಅಡಿ ಅಂತರ ಬೇಕು. ನಾವು ಬಚ್ಚಲಲ್ಲಿ ಕೂತು ಊಟ ಮಾಡುತ್ತೇವಾ? ಬೆಕ್ಕೂ ಮಾಡುವುದಿಲ್ಲ. ನಮ್ಮ ಹತ್ತಿರ ಇದ್ದ ಪಂಜರಗಳು ಎರಡಡಿಯ ಚೌಕಗಳು. ಹೊಸದು ಕೊಳ್ಳಲು ದುಡ್ಡು ಇರಲಿಲ್ಲ. ವೆಲ್ಡಿಂಗ್ ಅಂಗಡಿಯವರು ಎರಡೆರಡು ಪಂಜರ ಜೋಡಿಸಿ, ನಡುವಿನ ಜಾಲಿಯಲ್ಲಿ ಬೆಕ್ಕು ದಾಟುವಷ್ಟು ಕಿಂಡಿ ಮಾಡಿ, ಅದಕ್ಕೊಂದು ಜಾರುವ ತಗಡು ಕೂರಿಸಿ ಕೊಟ್ಟರು. ಒಂದು ಕಡೆ ಟ್ರೇ, ಇನ್ನೊಂದು ಕಡೆ ಡಬ್ಬಿ ಮತ್ತು ಊಟ. ಬೆಕ್ಕು ಇಡುವ ಸಂಖ್ಯೆ ಅರ್ಧ ಆಯಿತು, ಅದು ಬೇಜಾರಿನ ವಿಷಯ. ಆದರೆ ಕಾಯಿಲೆ ಕಡಿಮೆಯಾಗಿ ಬೆಕ್ಕುಗಳು ಬೇಗ ಮನೆ ಸೇರತೊಡಗಿದವು. ಈ ಕಿಂಡಿಯ ಇನ್ನೊಂದು ಉಪಕಾರವನ್ನು ಸ್ವಚ್ಛತೆಯ ಭಾಗದಲ್ಲಿ ಹೇಳುತ್ತೇನೆ.

ಜಾಲಿಯ ತಳ ಇದ್ದರೆ ಅದರ ಮೇಲೆ ಚಾಪೆಯೋ ರಬ್ಬರ್ ಹಾಳೆಯೋ ಹಾಸಿ. ಚಿಲಕ ಬೀಳುವ ಜಾಗಕ್ಕೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಮನುಷ್ಯರಿಗೆ 20 ಸಾವಿರ ಹರ್ಟ್ಸ್‌ವರೆಗಿನ ಶಬ್ದ ಕೇಳಿದರೆ ಬೆಕ್ಕಿಗೆ 60 ಸಾವಿರಕ್ಕೂ ಮೇಲೆ ಕೇಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ದಿನಕ್ಕೆ ಐವತ್ತು ಸಲ ಅದರ ಕಿವಿಗೆ ಬೀಳುವುದು ಬೇಡ.

4. ಬರುವ ದಿನ

ಚೀಲದಲ್ಲಿ ಕಟ್ಟಿ ತರಬೇಡಿ. ತರುವವರಿಗೂ ಫೋನಿನಲ್ಲೇ ಹೇಳಿ. ಗಾಳಿಯಾಡುವ ಬುಟ್ಟಿ ಅಥವಾ ಕ್ಯಾರಿಯರ್, ಅದರ ಮೇಲೆ ಒಂದು ತೆಳು ಬಟ್ಟೆ. ಕೆಳಗೆ ಅವರ ಮನೆಯದೇ ಒಂದು ಬಟ್ಟೆ ಹಾಸಿರಲಿ, ಅದನ್ನು ತೊಳೆಯದೆ ಪಂಜರದಲ್ಲೂ ಇಡಿ.

ಬಿಟ್ಟು ಹೋಗಲು ಬಂದವರ ಮೇಲೆ ನಮಗೆ ಸಿಟ್ಟು ಬರುತ್ತದೆ. ಬಂದರೂ ಅದನ್ನು ಬದಿಗಿಟ್ಟು ಐದು ನಿಮಿಷ ಕೂರಿಸಿ ಕೇಳಿ. ಏನು ಹೆಸರಿಟ್ಟು ಕರೆಯುತ್ತಿದ್ದರು, ಏನು ತಿನ್ನುತ್ತಿತ್ತು, ಎಲ್ಲಿ ಮಲಗುತ್ತಿತ್ತು, ಮಲಕ್ಕೆ ಎಲ್ಲಿ ಹೋಗುತ್ತಿತ್ತು. ನಮ್ಮ ಊರಿನ ಎಷ್ಟೋ ಬೆಕ್ಕುಗಳು ಹಾಲು ರೊಟ್ಟಿ, ಅನ್ನ ಮೊಸರು ತಿಂದು ಬೆಳೆದವು. ಅವುಗಳ ಮುಂದೆ ಏಕಾಏಕಿ ಪ್ಯಾಕೆಟ್ಟಿನ ಕಾಳು ಸುರಿದರೆ ಅದು ಊಟ ಅಂತಲೇ ಅವಕ್ಕೆ ಗೊತ್ತಾಗುವುದಿಲ್ಲ. ಮೊದಲ ಎರಡು ದಿನ ಅದಕ್ಕೆ ಪರಿಚಯ ಇರುವುದರಲ್ಲಿ ಬೇಯಿಸಿದ ಕೋಳಿ ಸೇರಿಸಿ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕಬಾರದು. ಆಮೇಲೆ ನಿಧಾನಕ್ಕೆ ಬೆಕ್ಕಿನ ಆಹಾರಕ್ಕೆ ತನ್ನಿ. ಬರೀ ರೊಟ್ಟಿ ಅನ್ನದ ಮೇಲೆ ಬೆಕ್ಕು ಬಾಳುವುದಿಲ್ಲ. ಟಾರಿನ್ ಎಂಬ ಅಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅದು ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲು ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಭೇದಿ ಮಾಡಿಸುತ್ತದೆ, ಅದನ್ನು ರುಚಿಗೆ ಮಾತ್ರ ಇಟ್ಟುಕೊಳ್ಳಿ. ಊಟವನ್ನು ಉಗುರುಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಏಳುತ್ತದೆ, ಹೆದರಿದ ಬೆಕ್ಕೂ ಮೂಗು ಚಾಚುತ್ತದೆ.

ಉಸುಕಿನ ಬಗ್ಗೆ ಒಂದು ಮಾತು. ಟ್ರೇಗೆ ಹಾಕಲು ಪೇಟೆಯಲ್ಲಿ ಸಿಗುವ ‘ಕ್ಯಾಟ್ ಲಿಟರ್’ ದುಬಾರಿ. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಸಣ್ಣ ಉಸುಕು ಸಾಕು. ಬೀದಿಯಲ್ಲಿ ಬೆಳೆದ ಬೆಕ್ಕಾದರೆ ಒಂದು ಹಿಡಿ ಮಣ್ಣು ಬೆರೆಸಿ, ಅದಕ್ಕೆ ಗುರುತು ಸಿಗುತ್ತದೆ. ಕಟ್ಟಿಗೆ ಅಡ್ಡೆಯ ಹೊಟ್ಟು ಬೇಡ, ಧೂಳಿಗೆ ನೆಗಡಿ ಜಾಸ್ತಿಯಾಗುತ್ತದೆ.

ಬಂದ ಕೂಡಲೇ ತಪಾಸಣೆ, ಲಸಿಕೆ ಮುಗಿಸಿ, ಪಂಜರಕ್ಕೆ ಬಿಟ್ಟು, ಮುಂದೆ ಒಂದು ಬಟ್ಟೆ ಅರ್ಧ ಇಳಿಬಿಟ್ಟು ಹೊರಗೆ ಬನ್ನಿ. ಮೊದಲ ದಿನ ಮುದ್ದು ಬೇಡ, ಫೋಟೊ ಬೇಡ, ಸ್ನಾನವಂತೂ ಬೇಡವೇ ಬೇಡ. ಈ ದಿನ ನಿಮ್ಮ ಪ್ರೀತಿ ಅಂದರೆ ಅದನ್ನು ಅದರ ಪಾಡಿಗೆ ಬಿಡುವುದು.

ದೊಡ್ಡ ಬೆಕ್ಕು 48 ಗಂಟೆ ಏನೂ ತಿನ್ನದಿದ್ದರೆ ಡಾಕ್ಟರ್‌ಗೆ ತೋರಿಸಿ. ಉಪವಾಸ ಇದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಆಗುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಮರಿಯಾದರೆ ಅರ್ಧ ದಿನವೂ ಕಾಯಬೇಡಿ.

5. ಸ್ವಚ್ಛತೆ: ಫಿನೈಲ್ ಡಬ್ಬಿಯನ್ನು ಹೊರಗಿಡಿ

ಇದನ್ನು ಓದಿ ನಿಮ್ಮಲ್ಲಿ ಕೆಲಸ ಮಾಡುವ ಎಲ್ಲರಿಗೂ ಹೇಳಿ. ಕರಿ ಫಿನೈಲ್ ಬೆಕ್ಕಿಗೆ ವಿಷ. ಫಿನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಡಿಮೆ. ನೆಲ ಒರೆಸಿದ ಫಿನೈಲ್ ಪಾದಕ್ಕೆ ಅಂಟುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ. ಬಿಳಿ ಫಿನೈಲೂ ಬೇಡ. ನೀರಿಗೆ ಹಾಕಿದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗುವ ಆಂಟಿಸೆಪ್ಟಿಕ್ ದ್ರಾವಣಗಳೂ ಬೇಡ. ವಿಷದ ಮಾತು ಬಿಟ್ಟರೂ ಆ ಘಾಟು ವಾಸನೆಯೇ ಬೆಕ್ಕಿಗೆ ದೊಡ್ಡ ಹಿಂಸೆ.

ದಿನದ ಕೆಲಸಕ್ಕೆ ಸೋಪಿನ ನೀರು, ಒದ್ದೆ ಬಟ್ಟೆ ಸಾಕು. ಬೆಕ್ಕನ್ನು ಹೊರಗೆ ತೆಗೆಯಬೇಡಿ. ಅದು ಡಬ್ಬಿಯೊಳಗೆ ಕೂತಿರಲಿ, ಕೊಳೆ ಇದ್ದ ಜಾಗ ಮಾತ್ರ ಒರೆಸಿ. ಜೋಡಿ ಪಂಜರವಿದ್ದರೆ ಕಿಂಡಿಯ ತಗಡು ಮುಚ್ಚಿ ಖಾಲಿ ಬದಿಯನ್ನು ತೊಳೆಯಿರಿ. ಬೆಕ್ಕನ್ನು ಮುಟ್ಟುವ ಪ್ರಮೇಯವೇ ಇಲ್ಲ. ಮೊದಲು ನಾವು ದಿನಾ ಎಲ್ಲ ಬೆಕ್ಕುಗಳನ್ನೂ ತೆಗೆದು, ಪಂಜರ ತೊಳೆದು, ಎಲ್ಲ ಬಟ್ಟೆ ಬದಲಿಸುತ್ತಿದ್ದೆವು. ಪಂಜರ ಥಳಥಳ ಹೊಳೆಯುತ್ತಿತ್ತು. ಆದರೆ ಬೆಕ್ಕಿನ ಪಾಲಿಗೆ ಅದು ಪ್ರತಿ ದಿನ ಹೊಸ ಜೈಲು. ಬೆಕ್ಕು ತನ್ನ ಕೆನ್ನೆಯನ್ನು ಡಬ್ಬಿಗೆ, ಬಟ್ಟೆಗೆ ಉಜ್ಜಿ ತನ್ನ ವಾಸನೆ ಬಿಡುತ್ತದೆ. ಇದು ನನ್ನ ಜಾಗ ಅಂತ ಅದಕ್ಕೆ ಧೈರ್ಯ ಬರುವುದೇ ಆ ವಾಸನೆಯಿಂದ. ಅದಕ್ಕೇ ಎರಡು ಕೌದಿ ತುಂಡು ಎಂದದ್ದು: ಒಂದನ್ನು ಒಗೆಯಲು ಹಾಕಿದಾಗ ಇನ್ನೊಂದು ಒಳಗೇ ಇರಬೇಕು.

ಸೋಂಕು ತೊಳೆಯುವುದು ಬೇರೆ ಕೆಲಸ. ಬೆಕ್ಕು ಖಾಲಿಯಾದ ಪಂಜರಕ್ಕೆ, ಕಾಯಿಲೆ ಬಂದ ಪಂಜರಕ್ಕೆ ಅದು ಬೇಕೇ ಬೇಕು. ಬೆಕ್ಕಿಗೆ ವಾಂತಿ ಭೇದಿ ತಂದು ಜೀವವನ್ನೇ ತೆಗೆಯಬಲ್ಲ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲು ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಸುಮಾರು ಐದು ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚನ್ನು ಲೀಟರ್ ನೀರಿಗೆ 30 ಮಿಲಿ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಡಿ. ಚೆನ್ನಾಗಿ ನೀರು ಹಾಕಿ ತೊಳೆದು ಒಣಗಿಸಿ. ಬ್ಲೀಚಿನ ಜೊತೆ ಆ್ಯಸಿಡ್ ಅಥವಾ ಬೇರೆ ಯಾವ ಕ್ಲೀನರನ್ನೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಆ ಹೊತ್ತಿನಲ್ಲಿ ಬೆಕ್ಕು ಕೋಣೆಯಲ್ಲಿ ಇರಬಾರದು.

6. ದಿನಾ ಅದೇ ಹೊತ್ತು, ಅದೇ ಮುಖ

ಬೆಳಗ್ಗೆ ಏಳೂವರೆಗೆ ಊಟ ಅಂದರೆ ಏಳೂವರೆಗೇ. ಭಾನುವಾರವೂ ಅಷ್ಟೇ. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಬೆಕ್ಕಿನ ಅರ್ಧ ಭಯ ಹೋಗುತ್ತದೆ. ಒಂದು ಬೆಕ್ಕಿಗೆ ಮೊದಲ ವಾರ ಒಬ್ಬರೇ ಊಟ ಹಾಕಿ, ಒಬ್ಬರೇ ಟ್ರೇ ತೆಗೆಯಲಿ. ಇಂಜೆಕ್ಷನ್, ಔಷಧಿ ಕೊಡುವವರು ಬೇರೆಯವರಾದರೆ ಒಳ್ಳೆಯದು. ಇಲ್ಲದಿದ್ದರೆ ಊಟ ತಂದ ಕೈಯನ್ನೂ ಅದು ನಂಬುವುದಿಲ್ಲ. ರಾತ್ರಿ ಎಂಟರ ಮೇಲೆ ಲೈಟ್ ಆರಿಸಿ.

ವಾರದ ಕೊನೆಗೆ ಧಾರವಾಡದಿಂದ ಕಾಲೇಜು ಹುಡುಗ ಹುಡುಗಿಯರು ಬರುತ್ತಾರೆ. ಒಳ್ಳೆಯ ಮಕ್ಕಳು, ಪ್ರೀತಿ ಇದೆ. ಆದರೆ ಒಂದೊಂದೇ ಪಂಜರ ತೆರೆದು ಎಲ್ಲ ಬೆಕ್ಕುಗಳನ್ನೂ ಎತ್ತಿಕೊಳ್ಳುತ್ತಿದ್ದರು. ಸೋಮವಾರ ನೋಡಿದರೆ ಅರ್ಧ ತಟ್ಟೆಗಳು ತುಂಬಿಯೇ ಇರುತ್ತಿದ್ದವು. ಈಗ ಬಂದವರಿಗೆ ಮೊದಲು ಇದನ್ನು ಹೇಳಿಕೊಡುತ್ತೇವೆ:

ಪಂಜರದ ಎದುರು ನಿಲ್ಲಬೇಡಿ, ಪಕ್ಕಕ್ಕೆ ತಿರುಗಿ ಕೂರಿ. ನೆಟ್ಟ ನೋಟ ಬೇಡ. ಬೆಕ್ಕು ನಿಮ್ಮ ಕಡೆ ನೋಡಿದಾಗ ನಿಧಾನವಾಗಿ ಕಣ್ಣು ಮುಚ್ಚಿ, ನಿಧಾನವಾಗಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹೀಗೆ ಮಾಡಿದವರಿಗೆ ಬೆಕ್ಕುಗಳೂ ಕಣ್ಣು ಕಿರಿದು ಮಾಡಿ ಉತ್ತರ ಕೊಟ್ಟವು, ಅಪರಿಚಿತರ ಹತ್ತಿರವೂ ಜಾಸ್ತಿ ಬಂದವು. ಆಮೇಲೆ ಒಂದು ಬೆರಳು ಚಾಚಿ, ಬೆಕ್ಕಿನ ಮೂಗಿನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿ. ಅದು ಬಂದು ಮೂಸಿ ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಿತು. ಕೆನ್ನೆ, ಗಲ್ಲ, ಕಿವಿಯ ಬುಡ, ಇಷ್ಟೇ ಜಾಗ. ಹೊಟ್ಟೆ, ಬಾಲದ ಬುಡ ಬೇಡ. ಮೂರು ಸಲ ಸವರಿ ಕೈ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತುತ್ತದೆ. ಬಾಲ ಪಟಪಟ ಬಡಿದರೆ, ಬೆನ್ನಿನ ಚರ್ಮ ಅದುರಿದರೆ ಅಲ್ಲಿಗೆ ಸಾಕು. ಡಬ್ಬಿಯಿಂದ ಎಳೆದು ತೆಗೆಯುವುದು ಎಂದೆಂದಿಗೂ ಇಲ್ಲ.

ಬೆಕ್ಕಿಗೆ ಇಷ್ಟವಿಲ್ಲದಿದ್ದರೆ ಪಕ್ಕದಲ್ಲಿ ಕೂತು ಮೆಲ್ಲಗೆ ಪುಸ್ತಕ ಓದಿ ಎನ್ನುತ್ತೇವೆ. ಪರೀಕ್ಷೆಗೆ ಓದಲು ಬರುವ ಹುಡುಗರು ಈಗ ಇದ್ದಾರೆ. ಮನುಷ್ಯರ ಮೆಲುದನಿಗೆ ಬೆಕ್ಕು ಒಗ್ಗುತ್ತದೆ, ಪಾಠವೂ ಆಗುತ್ತದೆ.

7. ಆಟ

ಮೊದಲ ನಾಲ್ಕೈದು ದಿನ ಕಳೆದು, ಊಟ ಸರಿಯಾದ ಮೇಲೆ ಆಟ. ಜೋಳದ ದಂಟಿನ ತುದಿಗೆ ಬಟ್ಟೆಯ ಚಿಂದಿ ಕಟ್ಟಿ. ಮುಖದ ಎದುರು ಅಲ್ಲಾಡಿಸಬೇಡಿ, ಇಲಿಯ ಹಾಗೆ ದೂರಕ್ಕೆ ಓಡಿಸಿ, ನಿಲ್ಲಿಸಿ, ಬಟ್ಟೆಯ ಕೆಳಗೆ ಅಡಗಿಸಿ. ದಿನಕ್ಕೆ ಎರಡು ಸಲ ಐದು ನಿಮಿಷ ಸಾಕು. ಕೊನೆಗೆ ಹಿಡಿಯಲು ಬಿಡಿ, ಹಿಡಿದ ಕೂಡಲೇ ಒಂದು ತುಂಡು ಕೋಳಿ ಕೊಡಿ. ಆಟ ಮುಗಿದ ಮೇಲೆ ದಾರ ಇರುವುದನ್ನೆಲ್ಲ ಎತ್ತಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ತತ್ತಿಯ ಟ್ರೇಯ ಕುಳಿಗಳಲ್ಲಿ ಕಾಳು ಹಾಕಿ ಇಟ್ಟರೆ ಅದನ್ನು ಕೈಯಲ್ಲಿ ತೆಗೆಯುತ್ತಾ ಅರ್ಧ ಗಂಟೆ ಕಳೆಯುತ್ತದೆ.

8. ಒಟ್ಟಿಗೆ ಬಿಡುವ ಮುಂಚೆ

ಪಾಪ, ಒಂಟಿಯಾಗಿದೆ ಎಂದು ಎಲ್ಲವನ್ನೂ ಒಂದೇ ಕೋಣೆಗೆ ಬಿಡುವವರಿದ್ದಾರೆ. ತಾಯಿ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಅಪರಿಚಿತರ ಬಗ್ಗೆ ಅಷ್ಟು ಎಚ್ಚರ ಇರುವ ಪ್ರಾಣಿ ಅದು. ಮೊದಲು ಎರಡು ವಾರ ಬೇರೆ ಇಡಿ, ಲಸಿಕೆ, ಮರಿಯಾಗದ ಹಾಗೆ ಮಾಡುವ ಆಪರೇಷನ್ ಮುಗಿಯಲಿ. ಒಂದು ಬೆಕ್ಕಿಗೆ ಹದಿನೆಂಟು ಚದರ ಅಡಿ ಲೆಕ್ಕ ಹಿಡಿಯಿರಿ. ಹತ್ತಡಿ ಉದ್ದಗಲದ ಕೋಣೆಗೆ ಐದು ಬೆಕ್ಕು, ಅಷ್ಟೇ. ಟ್ರೇ ಬೆಕ್ಕಿನ ಸಂಖ್ಯೆಗಿಂತ ಒಂದು ಜಾಸ್ತಿ, ಊಟದ ತಟ್ಟೆಗಳು ಬೇರೆ ಬೇರೆ ಮೂಲೆಯಲ್ಲಿ, ಗೋಡೆಗೆ ಬೇರೆ ಬೇರೆ ಎತ್ತರದ ಹಲಗೆ. ಒಂದು ಗುಂಪು ಹೊಂದಿಕೊಂಡ ಮೇಲೆ ಅದಕ್ಕೆ ಪದೇ ಪದೇ ಹೊಸಬರನ್ನು ಸೇರಿಸಬೇಡಿ. ಹೊಡೆದಾಟ ಇಲ್ಲದಿದ್ದರೂ ಒಂದು ಬೆಕ್ಕು ಸದಾ ಮೇಲಿನ ಹಲಗೆಯಿಂದ ಇಳಿಯುತ್ತಿಲ್ಲ ಅಂದರೆ ಅದಕ್ಕೆ ಅಲ್ಲಿ ಬಾಳಲು ಆಗುತ್ತಿಲ್ಲ ಎಂದರ್ಥ.

9. ಹಬ್ಬ, ಬಿಸಿಲು, ಮಳೆ

ಹುಬ್ಬಳ್ಳಿಯಲ್ಲಿ ಹೋಳಿಗೆ ಬಾರಿಸುವ ಹಲಗೆ ವಾದ್ಯದ ಸದ್ದು ರಂಗಪಂಚಮಿವರೆಗೂ ನಿಲ್ಲುವುದಿಲ್ಲ. ಗಣಪತಿ ಬಿಡುವ ದಿನಗಳಲ್ಲಿ ಡಿಜೆ. ಆಮೇಲೆ ದೀಪಾವಳಿ ಪಟಾಕಿ. ನನಗೂ ಹಲಗೆ ಕೇಳಿದರೆ ಕಾಲು ಕುಣಿಯುತ್ತವೆ, ಹಬ್ಬ ಬೇಡ ಎನ್ನುತ್ತಿಲ್ಲ. ಮೆರವಣಿಗೆಯ ದಿನ ಮೊದಲೇ ಗೊತ್ತಿರುತ್ತದಲ್ಲ, ಹಿಂದಿನ ದಿನವೇ ತಯಾರಾಗಿ. ರಸ್ತೆಯ ಕಡೆಯ ಪಂಜರಗಳನ್ನು ಒಳಕೋಣೆಗೆ ತನ್ನಿ. ಕಿಟಕಿಗೆ ದಪ್ಪ ಕೌದಿ ಕಟ್ಟಿ. ಡಬ್ಬಿಯ ಒಳಗೆ ಇನ್ನೊಂದು ಪದರ ಹಾಸಿ. ಸದ್ದು ಶುರುವಾಗುವ ಮೊದಲೇ ಊಟ ಮುಗಿಸಿ. ಫ್ಯಾನ್ ಅಥವಾ ಕೂಲರ್ ಓಡುತ್ತಿರಲಿ, ಅದರ ಒಂದೇ ಸಮನೆ ಸದ್ದು ಹೊರಗಿನದನ್ನು ಸ್ವಲ್ಪ ಮುಚ್ಚುತ್ತದೆ. ಬಹಳ ಹೆದರುವ ಬೆಕ್ಕಿದ್ದರೆ ಡಾಕ್ಟರ್ ಹತ್ತಿರ ಒಂದು ವಾರ ಮುಂಚೆ ಮಾತಾಡಿ, ಅವರು ಕೊಡುವ ಔಷಧಿಗಳಿವೆ. ನಿಮ್ಮ ಮನೆಯ ನಿದ್ದೆ ಗುಳಿಗೆ ಕೊಡಬೇಡಿ. ಪ್ಯಾರಸಿಟಮಾಲ್ ಅಂತೂ ಒಂದೇ ಗುಳಿಗೆಗೆ ಬೆಕ್ಕು ಸಾಯಬಹುದು.

ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೋಣೆ ಒಲೆಯ ಹಾಗೆ ಕಾಯುತ್ತದೆ. ಚಾವಣಿಗೆ ಸುಣ್ಣ ಹಚ್ಚಿ, ಇಲ್ಲವೇ ಮೇಲೆ ತೆಂಗಿನ ಗರಿ ಹಾಕಿ. ಕಿಟಕಿಗೆ ಒದ್ದೆ ಗೋಣಿತಟ್ಟು. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಕೂಡಲೇ ತಂಪು ಜಾಗಕ್ಕೆ ತನ್ನಿ, ಡಾಕ್ಟರ್‌ಗೆ ಫೋನ್ ಮಾಡಿ. ಬ್ಯಾಡಗಿ ಕಡೆ ಇರುವವರು ಮೆಣಸಿನಕಾಯಿ ಸುಗ್ಗಿಯಲ್ಲಿ ಘಾಟು ಒಳಗೆ ಬಾರದ ಹಾಗೆ ನೋಡಿಕೊಳ್ಳಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಉಸುಕು ಒಣಗುವುದಿಲ್ಲ. ಮೇ ತಿಂಗಳಲ್ಲೇ ನಾಲ್ಕೈದು ಚೀಲ ಒಣಗಿಸಿ ಕಟ್ಟಿಡಿ. ಒದ್ದೆ ಉಸುಕಿಗೆ ಬೆಕ್ಕು ಕಾಲಿಡುವುದಿಲ್ಲ, ಮೂತ್ರ ತಡೆದುಕೊಂಡು ಇನ್ನೊಂದು ಕಾಯಿಲೆ ತಂದುಕೊಳ್ಳುತ್ತದೆ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕುತ್ತಿದ್ದು ಮೂತ್ರ ಬರದಿದ್ದರೆ ಅದು ಅವತ್ತೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

10. ಇಷ್ಟು ಮಾಡಿದರೂ ಹೊಂದಿಕೊಳ್ಳದ ಬೆಕ್ಕು

ಇಂಥವು ಇದ್ದೇ ಇರುತ್ತವೆ. ಮನುಷ್ಯರ ಕೈ ಮುಟ್ಟದೆ ಬೀದಿಯಲ್ಲೇ ಬೆಳೆದ ದೊಡ್ಡ ಬೆಕ್ಕಿಗೆ ಪಂಜರ ಎಷ್ಟು ಚೆನ್ನಾಗಿದ್ದರೂ ಪಂಜರವೇ. ಅದಕ್ಕೆ ಆಪರೇಷನ್, ಲಸಿಕೆ ಮುಗಿಸಿ, ಗಾಯ ಮಾಯ್ದ ಕೂಡಲೇ ಹಿಡಿದ ಗಲ್ಲಿಯಲ್ಲೇ ಬಿಟ್ಟು ಬನ್ನಿ. ಬೇರೆ ಜಾಗ ಬೇಡ. ಊಟ ಹಾಕುವವರು ಅಲ್ಲಿ ಒಬ್ಬರಿದ್ದಾರಾ ಎಂದು ಮೊದಲೇ ನೋಡಿಕೊಳ್ಳಿ.

ಮನೆಯಲ್ಲಿ ಬೆಳೆದ ಬೆಕ್ಕು ಎರಡು ವಾರವಾದರೂ ಡಬ್ಬಿಯಿಂದ ಹೊರಗೆ ಬರುತ್ತಿಲ್ಲ, ತೂಕ ಇಳಿಯುತ್ತಿದೆ ಎಂದರೆ ಅದನ್ನು ಯಾರದಾದರೂ ಮನೆಗೆ ಫಾಸ್ಟರ್‌ಗೆ, ಅಂದರೆ ಸ್ವಲ್ಪ ಕಾಲ ನೋಡಿಕೊಳ್ಳಲು, ಕಳಿಸಿ. ಒಂದು ಸಣ್ಣ ಕೋಣೆ ಇದ್ದರೂ ಸಾಕು. ನಮ್ಮಲ್ಲಿ ಎದ್ದು ನಿಲ್ಲದ ಬೆಕ್ಕು ಯಾರದೋ ಅಡುಗೆಮನೆಯ ಮೂಲೆಯಲ್ಲಿ ಮೂರೇ ದಿನಕ್ಕೆ ಮ್ಯಾಂವ್ ಎಂದು ಊಟ ಕೇಳಿದ್ದನ್ನು ನಾನು ನೋಡಿದ್ದೇನೆ.

ಆ ಮೂರು ಬಣ್ಣದ ಬೆಕ್ಕನ್ನು ಒಂದು ತಿಂಗಳ ಮೇಲೆ ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು ಕರೆದುಕೊಂಡು ಹೋದರು. ಕಳಿಸುವಾಗ ಅದರ ಡಬ್ಬಿಯನ್ನೂ, ಒಗೆಯದ ಕೌದಿ ತುಂಡನ್ನೂ ಜೊತೆಗೆ ಕೊಟ್ಟೆವು. ಮೊದಲ ವಾರ ಒಂದೇ ಕೋಣೆಯಲ್ಲಿ ಇಡಿ, ಅದೇ ಊಟ, ಅದೇ ಹೊತ್ತು, ಬಾಗಿಲು ತೆರೆದಿಟ್ಟು ಅದೇ ಹೊರಗೆ ಬರುವವರೆಗೆ ಕಾಯಿರಿ ಎಂದೆವು. ಎಂಟನೇ ದಿನ ಅವರು ಫೋನ್ ಮಾಡಿದರು. "ಡಬ್ಬಿ ಬಿಟ್ಟು ನನ್ನ ಹಾಸಿಗಿ ಮ್ಯಾಲೆ ಬಂದು ಮಲಗೇತ್ರೀ. ಆದರ ಆ ಕೌದಿ ತುಂಡನ್ನ ಬಾಯಾಗ ಕಚ್ಚಿಕೊಂಡು ಬಂದೈತಿ ನೋಡ್ರಿ."